ಮುಂಬಯಿಯಲ್ಲಿ ಕನ್ನಡ ಕ್ಯಾಲಿಗ್ರಫಿ: ಲೆಕ್ಕಣಿಕೆ ಹಿಡಿಯುವುದರಿಂದ ಬಳಗ ಕೂಡಿಸುವವರೆಗೆ

ರವಿವಾರದ ನಮ್ಮ ಅಕ್ಷರ ಕೂಟಕ್ಕೆ ಹೊಸಬರು ಬಂದಾಗಲೆಲ್ಲ ಅವೇ ಮೂರು ಪ್ರಶ್ನೆಗಳು. ಮುಂಬಯಿಯಲ್ಲಿ ಕ್ಯಾಲಿಗ್ರಫಿ ತರಗತಿ ಅಂದರೆ ದೇವನಾಗರಿ, ಇಲ್ಲವೇ ಇಂಗ್ಲಿಷ್. ಕನ್ನಡ ಕಲಿಯುವುದು ಎಲ್ಲಿ? ಬರುವಾಗ ಏನೇನು ತರಬೇಕು? ಮನೆಯಲ್ಲಿ ಮಕ್ಕಳು ಕನ್ನಡವನ್ನೋ ತುಳುವನ್ನೋ ಚೆನ್ನಾಗಿ ಮಾತಾಡುತ್ತಾರೆ, ಆದರೆ ಕನ್ನಡ ಓದಲು ಬಾರದು, ಅವರನ್ನು ಕರೆತರಬಹುದೇ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುತ್ತ ಬಂದಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ. ಮೂರನೆಯ ಪ್ರಶ್ನೆಗೆ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ: ಖಂಡಿತ ಕರೆತನ್ನಿ. ಆರನೆಯ ಹಂತವನ್ನು ಬರೆದದ್ದೇ ಅವರಿಗಾಗಿ.

ಕೈಬರಹ ಚೆನ್ನಾಗಿಲ್ಲ ಎಂದು ಹಿಂಜರಿಯುವವರು ಬಹಳ. ಹಿಂಜರಿಯಬೇಡಿ. ಕೈಬರಹದಲ್ಲಿ ಪೆನ್ನು ಎತ್ತದೆ ಕೈ ಓಡುತ್ತದೆ. ಕ್ಯಾಲಿಗ್ರಫಿಯಲ್ಲಿ ಅಗಲ ಮೂತಿಯ ಪೆನ್ನನ್ನು ಒಂದೇ ಓರೆಯಲ್ಲಿ ಹಿಡಿದು, ಗೆರೆಗೊಮ್ಮೆ ಪೆನ್ನು ಎತ್ತಿ, ಅಕ್ಷರವನ್ನು ತುಂಡು ತುಂಡಾಗಿ ಕಟ್ಟುತ್ತೇವೆ. ಇವೆರಡೂ ಬೇರೆ ಬೇರೆ ಕೆಲಸ. ಡಾಕ್ಟರ ಚೀಟಿಯಂಥ ಕೈಬರಹದವರು ಮೂರು ತಿಂಗಳಲ್ಲಿ ಸೊಗಸಾದ ಅಕ್ಷರ ಬರೆದದ್ದನ್ನು ಕಂಡಿದ್ದೇನೆ.

1. ಮೊದಲು ಒಂದು ದೇವನಾಗರಿ ಕಾರ್ಯಾಗಾರಕ್ಕೆ ಹೋಗಿ ಬನ್ನಿ

ಕನ್ನಡಕ್ಕಾಗಿಯೇ ತರಗತಿ ಸಿಗಲಿ ಎಂದು ಕಾಯುತ್ತ ಕೂರಬೇಡಿ. ಅಕ್ಷರ ಕಲೆಯ ಮಟ್ಟಿಗೆ ಮುಂಬಯಿ ಭಾಗ್ಯವಂತ ಊರು. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಗೂ ದೇವನಾಗರಿಗೂ ಹೊಸ ಜೀವ ಕೊಟ್ಟ, 2025ರಲ್ಲಿ ಪದ್ಮಶ್ರೀ ಪಡೆದ ಅಚ್ಯುತ ಪಾಲವ ಇದೇ ಊರಿನವರು. ಐಐಟಿ ಬಾಂಬೆಯ ಕೈಗಾರಿಕಾ ವಿನ್ಯಾಸ ಕೇಂದ್ರದಲ್ಲಿ ಪಾಠ ಹೇಳಿದ ಆರ್. ಕೆ. ಜೋಶಿ (1936–2008) ಒಂದಿಡೀ ತಲೆಮಾರನ್ನು ತಯಾರು ಮಾಡಿದರು. ವಿಂಡೋಸ್ ಕಂಪ್ಯೂಟರಿನ ‘ತುಂಗಾ’ ಕನ್ನಡ ಫಾಂಟ್ ರೂಪುಗೊಂಡದ್ದು ಅವರ ನಿರ್ದೇಶನದಲ್ಲಿ, ಮುಂಬಯಿಯಲ್ಲೇ. ನಾವು ಎಷ್ಟೋ ವರ್ಷ ಪರದೆಯ ಮೇಲೆ ಓದಿದ ಕನ್ನಡ ಅಕ್ಷರ ಈ ಊರಿನದು ಎಂದು ಇಲ್ಲಿನ ಕನ್ನಡಿಗರಲ್ಲೇ ಹಲವರಿಗೆ ಗೊತ್ತಿಲ್ಲ.

ಆದ್ದರಿಂದ ಇಲ್ಲಿ ನಡೆಯುವ ದೇವನಾಗರಿ ಕಾರ್ಯಾಗಾರಕ್ಕೆ ಸಂಕೋಚವಿಲ್ಲದೆ ಹೋಗಿ. 1999ರಿಂದ ನಡೆದು ಬಂದಿರುವ ಕಾಳಾ ಘೋಡಾ ಕಲಾ ಉತ್ಸವದ ಕಾರ್ಯಾಗಾರಗಳ ಪಟ್ಟಿಯನ್ನು ಜನವರಿ ಕೊನೆಗೇ ನೋಡಿಟ್ಟುಕೊಳ್ಳಿ. ಆಗಸ್ಟ್ ತಿಂಗಳ ಎರಡನೆಯ ಬುಧವಾರ ವಿಶ್ವ ಕ್ಯಾಲಿಗ್ರಫಿ ದಿನ. ಅದರ ಹಿಂದು ಮುಂದಿನ ವಾರಗಳನ್ನೂ ಗಮನಿಸಿ. ಅಲ್ಲಿ ಕಲಿಯಬೇಕಾದದ್ದು ಕೂರುವ ಭಂಗಿ, ಪೆನ್ನು ಹಿಡಿಯುವ ಓರೆ, ಉಸಿರಿನ ಲಯ, ಮಸಿಯ ಹದ. ಇಷ್ಟಕ್ಕೆ ಲಿಪಿಯ ಹಂಗಿಲ್ಲ.

ಎಚ್ಚರ ಬೇಕಾದದ್ದು ಮನೆಗೆ ಬಂದ ಮೇಲೆ. ದೇವನಾಗರಿಯ ಅಕ್ಷರಗಳು ಶಿರೋರೇಖೆಯಿಂದ, ಅಂದರೆ ಪದದುದ್ದಕ್ಕೂ ಹಾಯುವ ತಲೆಗೆರೆಯಿಂದ, ಹಗ್ಗಕ್ಕೆ ಹಾಕಿದ ಬಟ್ಟೆಯಂತೆ ಕೆಳಗೆ ಜೋಲುತ್ತವೆ. ನಮ್ಮ ತಲಕಟ್ಟು ಅಕ್ಷರಕ್ಕೊಂದರಂತೆ ಬಿಡಿಬಿಡಿಯಾಗಿ ಕೂರುತ್ತದೆ. ಅಲ್ಲಿ ಕಲಿತ ರೂಢಿಯಲ್ಲಿ ತಲಕಟ್ಟುಗಳನ್ನೆಲ್ಲ ಒಂದಕ್ಕೊಂದು ಹೊಲಿದುಬಿಡುವುದು ಹೊಸಬರು ಮೊದಲ ತಿಂಗಳಲ್ಲಿ ಮಾಡುವ ತಪ್ಪು. ದೂರದಿಂದ ನೋಡಲು ಚೆಂದ; ಹತ್ತಿರ ಬಂದು ಓದಿದರೆ ಕನ್ನಡವೇ ಅಲ್ಲ.

2. ಸಾಮಾನು: ಕಡಿಮೆ ತನ್ನಿ, ಸರಿಯಾದದ್ದನ್ನು ತನ್ನಿ

ಮೊದಲ ಎರಡು ವಾರಕ್ಕೆ ಎರಡು ಪೆನ್ಸಿಲು ಮತ್ತು ಎರಡು ರಬ್ಬರ್ ಬ್ಯಾಂಡ್ ಸಾಕು. ಪೆನ್ಸಿಲುಗಳನ್ನು ಪಕ್ಕಪಕ್ಕ ಇಟ್ಟು, ಮೊನೆಗಳು ಒಂದೇ ಮಟ್ಟದಲ್ಲಿರುವಂತೆ ಕಟ್ಟಿ. ಎರಡು ಮೊನೆಗಳ ನಡುವಿನ ಅಂತರವೇ ನಿಮ್ಮ ನಿಬ್ಬಿನ ಅಗಲ. ಎಳೆದಾಗ ಎರಡು ಗೆರೆ ಮೂಡುತ್ತವೆ. ಅವು ದೂರವಿದ್ದಲ್ಲಿ ಅಕ್ಷರ ದಪ್ಪ, ಒಂದಾದಲ್ಲಿ ತೆಳು. ದಪ್ಪ ತೆಳುವಿನ ಗುಟ್ಟನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಸಾಧನ ಬೇರೊಂದಿಲ್ಲ. ಇದನ್ನು ದಾಟಿ ನೇರ ದುಬಾರಿ ಪೆನ್ನಿಗೆ ಹಾರಬೇಡಿ.

ಆಮೇಲೆ ಲೆಕ್ಕಣಿಕೆ, ಅಂದರೆ ಬಿದಿರಿನ ಅಥವಾ ಲಾಳದ ಕಡ್ಡಿಯ ಮೂತಿಯನ್ನು ಚಪ್ಪಟೆಯಾಗಿ ಕತ್ತರಿಸಿದ ಲೇಖನಿ. ಮರಾಠಿಯವರು ಇದನ್ನು ಬೋರು ಎನ್ನುತ್ತಾರೆ; ಅಂಗಡಿಯಲ್ಲಿ ಆ ಹೆಸರಿನಿಂದಲೇ ಕೇಳಿ. ದೇವನಾಗರಿಗೂ ಇಂಗ್ಲಿಷಿಗೂ ಮೂತಿ ಕತ್ತರಿಸುವ ಓರೆ ಬೇರೆ ಬೇರೆ. ಕನ್ನಡ ಕಲಿಯಲು ನೇರವಾಗಿ ಕತ್ತರಿಸಿದ್ದೇ ಒಳ್ಳೆಯದು. ಕೈ ಕುದುರಿದ ಮೇಲೆ ಪೈಲಟ್ ಪ್ಯಾರಲಲ್ ಪೆನ್ನು ಕೊಳ್ಳಿ; 3.8 ಮತ್ತು 2.4 ಮಿ.ಮೀ. ಅಳತೆಯವು ಎರಡಿದ್ದರೆ ಬಹುಕಾಲ ಬೇರೆ ಬೇಡ. ಎರಡೇಕೆ ಎಂಬುದು ಏಳನೆಯ ಹಂತದಲ್ಲಿ ತಿಳಿಯುತ್ತದೆ.

ಮಸಿಯ ವಿಷಯದಲ್ಲಿ ಒಂದು ನಿಯಮ ಮರೆಯಬಾರದು. ನೀರಿಗೆ ಅಳಿಯದ ಡ್ರಾಯಿಂಗ್ ಇಂಕನ್ನು ಲೆಕ್ಕಣಿಕೆಗೆ ಬಳಸಬಹುದು. ಪ್ಯಾರಲಲ್ ಪೆನ್ನಿಗಾಗಲಿ ಫೌಂಟನ್ ಪೆನ್ನಿಗಾಗಲಿ ತುಂಬಲೇಬಾರದು. ಅದರಲ್ಲಿರುವ ಅರಗು ಒಣಗಿ ಪೆನ್ನಿನ ಗಂಟಲು ಕಟ್ಟಿಕೊಳ್ಳುತ್ತದೆ, ಮತ್ತೆ ಬಿಡಿಸುವುದು ಕಷ್ಟ. ಪೆನ್ನಿಗೆ ಮಾಮೂಲಿ ಫೌಂಟನ್ ಪೆನ್ ಇಂಕು.

ಲೋಕಲ್ ರೈಲಿನಲ್ಲಿ ಬರುವವರು ಮಸಿಯ ಗಾಜಿನ ಬಾಟಲಿ ತರಬೇಡಿ. ದಾದರಿನ ನೂಕುನುಗ್ಗಲಿನಲ್ಲಿ ನನ್ನ ಚೀಲದ ಬಾಟಲಿಯ ಮುಚ್ಚಳ ಸಡಿಲವಾಗಿ, ಪಕ್ಕದಲ್ಲಿ ನಿಂತ ಹೆಣ್ಣುಮಗಳ ಸೀರೆಗೆ ಮಸಿ ಬಿತ್ತು. ಆ ದಿನದ ಸಂಕಟ ಇನ್ನೂ ಮನಸ್ಸಿನಲ್ಲಿದೆ. ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಯಲ್ಲಿ ಹತ್ತಿ ಬಟ್ಟೆಯ ತುಂಡಿಟ್ಟು, ಅದು ನೆನೆಯುವಷ್ಟೇ ಮಸಿ ಹಾಕಿ ತನ್ನಿ. ಹಿಂದಿನ ಲೆಕ್ಕಿಗರ ಮಸಿಕುಡಿಕೆಯ ಉಪಾಯವೂ ಇದೇ. ಡಬ್ಬಿ ಉರುಳಿದರೂ ಚೆಲ್ಲುವುದಿಲ್ಲ, ಲೆಕ್ಕಣಿಕೆ ಅದ್ದಿದಾಗ ಬೇಕಾದಷ್ಟೇ ಮಸಿ ಹತ್ತುತ್ತದೆ.

ಕಾಗದ ನುಣುಪಾಗಿರಲಿ, 100ರಿಂದ 120 ಜಿಎಸ್‌ಎಂ ಇರಲಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಸ್ಟೇಷನರಿ ಅಂಗಡಿ ಸಾಲಿನಲ್ಲಿ ಬಳಗಕ್ಕೆಲ್ಲ ಸೇರಿಸಿ ಸಗಟಾಗಿ ತಂದರೆ ಅಗ್ಗ. ಮಳೆಗಾಲದಲ್ಲಿ ಮಾತ್ರ ಹೆಚ್ಚು ತಂದಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯ ತೇವ ಕಾಗದಕ್ಕೆ ಇಳಿದು, ಮೇ ತಿಂಗಳಲ್ಲಿ ಸೊಗಸಾಗಿ ಬರೆಸಿಕೊಂಡ ಹಾಳೆಯೇ ಮಸಿಯನ್ನು ಹೀರಿ ಅಂಚು ಹರಡುತ್ತದೆ. ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಡ್ಡಡ್ಡ ಮಲಗಿಸಿಡಿ. ಬರೆಯುವ ಮುನ್ನ ಮೂಲೆಯಲ್ಲಿ ಒಂದು ಗೆರೆ ಎಳೆದು ನೋಡಿ.

3. ಗೆರೆ ಹಾಕಿಕೊಳ್ಳಿ

ಬೇಸರದ ಕೆಲಸ, ಬಿಡುವಂತಿಲ್ಲ. ಇಂಗ್ಲಿಷ್ ಅಭ್ಯಾಸದ ನಾಲ್ಕು ಗೆರೆಯ ಹಾಳೆ ಕನ್ನಡಕ್ಕೆ ಆಗಿಬರುವುದಿಲ್ಲ. ಒತ್ತಕ್ಷರಕ್ಕೆ ಅಲ್ಲಿ ಜಾಗವೇ ಇಲ್ಲ. ಅಳತೆಯನ್ನು ನಿಬ್ಬಿನ ಅಗಲದಲ್ಲಿ ಎಣಿಸಿ: ಅಕ್ಷರದ ಮೈಗೆ 5 ಅಗಲ, ಮೇಲೆ ತಲಕಟ್ಟು ಮತ್ತು ಗುಡಿಸಿಗೆ 2, ಕೆಳಗೆ ಒತ್ತಿಗೆ 3. ಒಟ್ಟು 10. ನಿಬ್ಬು 3.8 ಮಿ.ಮೀ. ಇದ್ದರೆ ಒಂದು ಸಾಲಿಗೆ 38 ಮಿ.ಮೀ. ಎ4 ಹಾಳೆಯ ಮೇಲೂ ಕೆಳಗೂ 3 ಸೆಂ.ಮೀ. ಬಿಟ್ಟರೆ ಆರು ಸಾಲು ಬರುತ್ತವೆ. ‘ಇಷ್ಟೇನಾ?’ ಎಂದು ಎಲ್ಲರೂ ಕೇಳುತ್ತಾರೆ. ಹೌದು, ಇಷ್ಟೇ. ಏಳನೆಯ ಸಾಲು ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಇದು ನಮ್ಮ ಬಳಗ ಬರೆದು ಬರೆದು ಹಿಡಿದ ಅಳತೆ. ಕೈ ಪಳಗಿದ ಮೇಲೆ ನಿಮ್ಮದೇ ಅಳತೆ ಹುಡುಕಿಕೊಳ್ಳಿ.

4. ಒಂದು ವಾರ ಸೊನ್ನೆ ಬರೆಯಿರಿ

ಕಾಗದದ ಚೌಕ ಮೂಲೆಯನ್ನು ಮೂರು ಸಮ ಪಾಲಾಗಿ ಮಡಿಸಿದರೆ ಒಂದು ಪಾಲು 30 ಡಿಗ್ರಿ. ನಿಬ್ಬಿನ ಅಂಚು ಸಾಲಿನ ಗೆರೆಗೆ ಅಷ್ಟೇ ಓರೆಯಾಗಿ, ಬಲಗಡೆ ಮೇಲೇರಿರಬೇಕು. ಈಗ ಸೊನ್ನೆ. ಒಂದೇ ಸುತ್ತಿಗೆ ಬರೆಯಬೇಡಿ, ಎರಡು ಗೆರೆಯಲ್ಲಿ ಕಟ್ಟಿ. ಗಡಿಯಾರದ ಮುಖವನ್ನು ನೆನೆಯಿರಿ. 11 ಗಂಟೆಯ ಜಾಗದಲ್ಲಿ ಪೆನ್ನಿಟ್ಟು ಎಡಗಡೆಯಿಂದ ಇಳಿದು 5ಕ್ಕೆ ಬನ್ನಿ. ಪೆನ್ನೆತ್ತಿ, ಮತ್ತೆ 11ರಲ್ಲಿಟ್ಟು ಬಲಗಡೆಯಿಂದ ಇಳಿದು 5ನ್ನು ಸೇರಿ.

ಓರೆ ಸರಿಯಾಗಿದ್ದರೆ ಗೆರೆ 11ರಲ್ಲೂ 5ರಲ್ಲೂ ಕೂದಲೆಳೆಯಷ್ಟು ತೆಳುವಾಗಿ, 2ರಲ್ಲೂ 8ರಲ್ಲೂ ನಿಬ್ಬಿನ ಪೂರ್ತಿ ಅಗಲಕ್ಕೆ ದಪ್ಪವಾಗಿರುತ್ತದೆ. ಎರಡು ಗೆರೆ ಕೂಡುವುದು ತೆಳುವಿನ ಜಾಗದಲ್ಲೇ ಆದ್ದರಿಂದ ಬೆಸುಗೆ ಕಾಣುವುದೇ ಇಲ್ಲ. ತೆಳು ಭಾಗ 12ಕ್ಕೆ ಸರಿದಿದ್ದರೆ ನಿಬ್ಬು ತೀರಾ ಅಡ್ಡವಾಗಿದೆ. 10ಕ್ಕೆ ಸರಿದಿದ್ದರೆ ಓರೆ ಹೆಚ್ಚಾಗಿದೆ. ಗುರು ಪಕ್ಕದಲ್ಲಿಲ್ಲದಾಗ ನಿಮ್ಮ ತಪ್ಪನ್ನು ತೋರಿಸಿಕೊಡುವುದು ಈ ಸೊನ್ನೆಯೇ.

ಎಲ್ಲರೂ ಎಡವುವುದು ಬಲಗಡೆಯ ಗೆರೆಯಲ್ಲಿ. ಅಲ್ಲಿ ಬೆರಳು ತಿರುಗುತ್ತದೆ, ಓರೆ ಕೆಡುತ್ತದೆ. ಬೆರಳನ್ನು ಹಾಗೇ ಬಿಟ್ಟು ಮೊಣಕೈಯಿಂದ ಎಳೆಯಿರಿ. ಇನ್ನೊಂದು: ಅಗಲ ನಿಬ್ಬನ್ನು ಕೆಳಗಿನಿಂದ ಮೇಲಕ್ಕೆ ನೂಕಬಾರದು. ಅದು ಕಾಗದ ಕೆರೆದು ಮಸಿ ಚಿಮ್ಮಿಸುತ್ತದೆ. ಎಡಗೈಯವರು ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಅಂಚು ಅದೇ ಓರೆಯಲ್ಲಿ ನಿಲ್ಲುವ ಜಾಗ ಹುಡುಕಿಕೊಳ್ಳಿ. ಯಾರಾದರೂ ಬಲಗೈಗೆ ಬದಲಾಯಿಸಲು ಹೇಳಿದರೆ ಕೇಳಬೇಡಿ.

5. ಸೊನ್ನೆಗೆ ತಲಕಟ್ಟು

ಸೊನ್ನೆಯ ನೆತ್ತಿಯ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು ತುದಿಯನ್ನು ಮೇಲಕ್ಕೆ ಕುಡಿಯಂತೆ ಬಿಟ್ಟರೆ ‘ರ’. ಮೊದಲು ಇದೊಂದೇ ಅಕ್ಷರವನ್ನು ತಿದ್ದಿ. ನಂತರ ಹೊಟ್ಟೆಯಲ್ಲಿ ಚುಕ್ಕೆಯಿಟ್ಟು ‘ಠ’. ಆಮೇಲೆ ಒಂದೇ ಮೈಯ ದ, ಧ, ಥ. ಅದಾದ ಮೇಲೆ ವ, ಪ, ಷ. ಅಕಾರಾದಿಯಾಗಿ ‘ಅ’ಯಿಂದ ಶುರುಮಾಡುವುದು ಶಾಲೆಯ ಕ್ರಮ, ಕೈಗೆ ಅದು ಸುಲಭದ ಕ್ರಮವಲ್ಲ. ಆಕಾರದಲ್ಲಿ ಅಣ್ಣತಮ್ಮಂದಿರಾದ ಅಕ್ಷರಗಳನ್ನು ಒಟ್ಟಿಗೆ ತಿದ್ದಿದರೆ ಬೇಗ ಬರುತ್ತದೆ.

ವ್ಯಂಜನಗಳಲ್ಲಿ ಎಂಟಕ್ಕೆ ತಲಕಟ್ಟಿಲ್ಲ: ಖ, ಙ, ಜ, ಞ, ಟ, ಣ, ಬ, ಲ. ಚೆಂದಕ್ಕೆಂದು ಇವುಗಳ ತಲೆಯ ಮೇಲೂ ಒಂದನ್ನು ಕೂರಿಸುವವರಿದ್ದಾರೆ. ಹಾಗೆಯೇ ಧ ಅಕ್ಷರದ ಕೆಳಗಿನ ಸೀಳನ್ನು ಮರೆತರೆ ಅದು ದ ಆಗುತ್ತದೆ. ‘ಧನ’ ಹೋಗಿ ‘ದನ’ ಉಳಿಯುತ್ತದೆ. ಮಹಾಪ್ರಾಣದ ಸೀಳನ್ನು ಅಕ್ಷರ ಮುಗಿದ ಮೇಲೆ ಕೊನೆಯ ಗೆರೆಯಾಗಿ, ನಿಬ್ಬಿನ ಮೂಲೆಯಿಂದ ಗಟ್ಟಿಯಾಗಿ ಎಳೆಯಿರಿ.

ಮಾದರಿಗೆ ಕಂಪ್ಯೂಟರಿನ ಫಾಂಟು ಅಚ್ಚು ಹಾಕಿ ಅದರ ಮೇಲೆ ತಿದ್ದಬಹುದೇ ಎಂದು ಕೇಳುತ್ತಾರೆ. ಅಕ್ಷರದ ರೂಪ ಸರಿಯಿದೆಯೇ ಎಂದು ನೋಡಲು ಫಾಂಟು ಒಳ್ಳೆಯದು. ಆದರೆ ತುಂಗಾದಂಥ ಫಾಂಟಿನ ದಪ್ಪ ತೆಳು ಅಗಲ ನಿಬ್ಬಿನಿಂದ ಬಂದದ್ದಲ್ಲ, ಕೈಗೆ ಅದು ದಾರಿ ತಪ್ಪಿಸುತ್ತದೆ. ಮುಂಬಯಿಯ ಏಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ ಉಚಿತವಾಗಿ ಸಿಗುತ್ತದೆ. ಆಹ್ವಾನ ಪತ್ರಿಕೆಗೆ ಬಳಸಿ, ತಿದ್ದಲು ಬೇಡ. ಅಭ್ಯಾಸದ ಹಾಳೆಯನ್ನು ಇತರರಿಗೆ ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ, ಇಲ್ಲದಿದ್ದರೆ ಹಳೆಯ ‘ನುಡಿ’ ತಂತ್ರಾಂಶದ ಕಡತಗಳು ಅವರ ಕಂಪ್ಯೂಟರಿನಲ್ಲಿ ಗೋಜಲಾಗಿ ತೆರೆಯುತ್ತವೆ.

6. ಬಾಯಿಬಿಟ್ಟು ಹೇಳುತ್ತ ಗುಣಿತ ಬರೆಯಿರಿ

ಈ ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಕೈ ಚುರುಕು. ಅಕ್ಷರವನ್ನು ಚಿತ್ರದಂತೆ ನೋಡಿ ಹಾಗೆಯೇ ಇಳಿಸಿಬಿಡುತ್ತಾರೆ. ತೊಡಕು ಅಲ್ಲೇ. ಓದಲಾರದೆ ಬರೆದ ಅಕ್ಷರದಲ್ಲಿ ಎಲ್ಲಿ ಯಾವ ಗೆರೆ ಮುಖ್ಯ ಎಂಬುದು ಕೈಗೆ ಗೊತ್ತಿರುವುದಿಲ್ಲ. ಸುಂದರವಾದ ಸುಳಿ ಬರುತ್ತದೆ, ದೀರ್ಘ ಬಿಟ್ಟುಹೋಗುತ್ತದೆ.

ಇದಕ್ಕೆ ಮದ್ದು ನಮ್ಮ ಹಳ್ಳಿಯ ಶಾಲೆಗಳಲ್ಲೇ ಇದೆ. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು, ಕ ಕೊಂಬಿನ ಇಳಿ ಕೂ...’ ಅಜ್ಜಿ ತಾತಂದಿರಿಗೆ ಇದು ಇನ್ನೂ ಬಾಯಿಪಾಠ. ನಮ್ಮ ಕೂಟದಲ್ಲಿ ಹಿರಿಯರೊಬ್ಬರು ಇದನ್ನು ನಿಧಾನವಾಗಿ ರಾಗವಾಗಿ ಹೇಳುತ್ತಾರೆ, ಮಿಕ್ಕವರು ಹೇಳುತ್ತಲೇ ಬರೆಯುತ್ತಾರೆ. ಒಂದು ಪದ, ಒಂದು ಗೆರೆ. ‘ಇಳಿ’ ಎಂದಾಗ ಕೈ ತಲಕಟ್ಟಿನ ತುದಿಯಿಂದ ಇಳಿಯುತ್ತದೆ. ‘ಗುಡಿಸು’ ಎಂದಾಗ ತಲಕಟ್ಟು ಜಾಗ ಬಿಟ್ಟುಕೊಟ್ಟು ಅಲ್ಲಿ ಸುತ್ತು ಬರುತ್ತದೆ. ‘ಕೊಂಬು’ ಎಂದಾಗ ತಲಕಟ್ಟು ಉಳಿದು ಬಲಕ್ಕೆ ಕೊಂಬು ಮೂಡುತ್ತದೆ. ಇಕಾರ, ಎಕಾರ ಬಂದಾಗ ತಲಕಟ್ಟು ಸರಿದುಹೋಗುವುದನ್ನು ಕಣ್ಣಾರೆ ಕಂಡ ಮಗುವಿಗೆ ತಲಕಟ್ಟು ಬರಿಯ ಅಲಂಕಾರವಲ್ಲ, ಅಕಾರದ ಗುರುತು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ವಟ್ರಸುಳಿ, ಎತ್ವ, ಏತ್ವ, ಐತ್ವ, ಒತ್ವ, ಓತ್ವ, ಔತ್ವ ಎಲ್ಲವನ್ನೂ ಹೀಗೆಯೇ. ವಾರಕ್ಕೊಂದು ವ್ಯಂಜನ ಸಾಕು. ರ, ವ, ಕ, ಮ ಈ ನಾಲ್ಕರ ಗುಣಿತ ಮುಗಿಯುವಷ್ಟರಲ್ಲಿ ಓದಲು ಬಾರದವರು ರಸ್ತೆಯ ಕನ್ನಡ ಬೋರ್ಡನ್ನು ಕೂಡಿಸಿ ಕೂಡಿಸಿ ಓದತೊಡಗುತ್ತಾರೆ. ಆ ಹೊತ್ತಿನಲ್ಲಿ ಅವರ ಪಕ್ಕ ಇರಿ.

ದೇವನಾಗರಿ ಬಲ್ಲ ಮಕ್ಕಳಿಗೆ ಪಕ್ಕದಲ್ಲಿ ಅದೇ ಅಕ್ಷರವನ್ನು ದೇವನಾಗರಿಯಲ್ಲಿ ಬರೆದುಕೊಳ್ಳಲು ಬಿಡಿ. ಆದರೆ ಹ್ರಸ್ವ ಎ, ಒ ಅಲ್ಲಿ ಬೇರೆಯಾಗಿಲ್ಲ. ‘ಕೆರೆ’ ಮತ್ತು ‘ಕೇರೆ’ಯ ವ್ಯತ್ಯಾಸವನ್ನು ಕಿವಿಯಿಂದಲೇ ಕಲಿಸಬೇಕು.

7. ಒತ್ತಕ್ಷರ

ಇಲ್ಲಿ ಮೂರು ಮಾತು. ಒತ್ತು ಅಕ್ಷರದ ನೇರ ಕೆಳಗಲ್ಲ, ಕೆಳಗೆ ಬಲಕ್ಕೆ ಸರಿದು ಕೂರುತ್ತದೆ. ಬಹಳಷ್ಟು ಒತ್ತುಗಳು ತಲಕಟ್ಟು ತೆಗೆದ ಪುಟ್ಟ ಅಕ್ಷರಗಳೇ (ಕ್ಕ, ಗ್ಗ, ದ್ದ). ತ, ನ, ಮ, ಯ, ರ, ಲ ಮಾತ್ರ ಒತ್ತಾದಾಗ ವೇಷ ಬದಲಿಸುತ್ತವೆ. ಈ ಆರನ್ನು ಬೇರೆ ಹಾಳೆಯಲ್ಲಿ ತಿದ್ದಿ. ಮೂರನೆಯದಾಗಿ, ಮೈ ಬರೆದ ನಿಬ್ಬಿನಿಂದಲೇ ಒತ್ತು ಬರೆದರೆ ಆ ಪುಟ್ಟ ಜಾಗದಲ್ಲಿ ಮಸಿ ಕಿಕ್ಕಿರಿದು ಕಪ್ಪು ಉಂಡೆಯಂತೆ ಕಾಣುತ್ತದೆ. ಮೈಗೆ 3.8, ಒತ್ತಿಗೆ 2.4. ಎರಡು ಪೆನ್ನು ಕೊಳ್ಳಲು ಹೇಳಿದ್ದು ಇದಕ್ಕೇ.

ಅರ್ಕಾವತ್ತು ಅಂದರೆ ‘ವರ್ಷ’, ‘ಸೂರ್ಯ’ಗಳಲ್ಲಿ ಅಕ್ಷರದ ಬಲಕ್ಕೆ ಬರುವ, ಕನ್ನಡದ ಅಂಕಿ ೯ರಂತಿರುವ ಗುರುತು. ಉಚ್ಚಾರದಲ್ಲಿ ಮೊದಲು, ಬರವಣಿಗೆಯಲ್ಲಿ ಕೊನೆಗೆ. ಅದಕ್ಕೆ ಜಾಗ ಬಿಡಲು ಮರೆತು ಆಮೇಲೆ ಸಂದಿಯಲ್ಲಿ ತುರುಕುವುದು ಸಾಮಾನ್ಯ ತಪ್ಪು.

ಮೊದಲ ಪದವಾಗಿ ‘ಮುಂಬಯಿ’ ಬರೆಯಿರಿ. ಕೊಂಬು, ಸೊನ್ನೆ, ತಲಕಟ್ಟಿಲ್ಲದ ಬ, ಗುಡಿಸು ಎಲ್ಲ ಇದೆ, ಒತ್ತು ಮಾತ್ರ ಇಲ್ಲ. ಎರಡನೆಯದು ‘ಕನ್ನಡ’, ಮೂರನೆಯದು ‘ಅಮ್ಮ’.

8. ಬಳಗ ಕೂಡಿಸುವುದು

ಒಬ್ಬರೇ ಬರೆದರೆ ಮೂರನೆಯ ವಾರಕ್ಕೆ ನಿಲ್ಲುತ್ತದೆ. ನಾಲ್ಕು ಜನ ಸಿಕ್ಕರೆ ಬಳಗ ಶುರುಮಾಡಿ. ಜಾಗಕ್ಕೆ ಕನ್ನಡ ಸಂಘಗಳನ್ನು ಕೇಳಿ. 1926ರಲ್ಲಿ ಹುಟ್ಟಿದ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಂಥ ಹಳೆಯ ಸಂಸ್ಥೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಬಾಯಿಮಾತಿನಲ್ಲಿ ಕೇಳದೆ ದಿನ, ಸಮಯ, ಜನ ಎಷ್ಟು, ಮಸಿ ಬಳಸುತ್ತೇವೆ ಎಂಬುದನ್ನೆಲ್ಲ ಬರೆದ ಪತ್ರ ಕೊಡಿ. ಮಸಿಯ ವಿಷಯ ಮುಚ್ಚಿಟ್ಟು ಆಮೇಲೆ ಸಭಾಂಗಣದ ನೆಲ ಕಲೆಯಾದರೆ ಮತ್ತೊಮ್ಮೆ ಬಾಗಿಲು ತೆರೆಯುವುದಿಲ್ಲ. ರದ್ದಿ ಪೇಪರು, ಹಳೆಯ ಪ್ಲಾಸ್ಟಿಕ್ ಹಾಳೆ ನೀವೇ ಒಯ್ಯಿರಿ.

ಮಾಟುಂಗಾದ ಸುತ್ತಮುತ್ತ ಇಟ್ಟುಕೊಂಡರೆ ಅನುಕೂಲ. ಡೊಂಬಿವಲಿಯವರಿಗೆ ಮಾಟುಂಗಾ ಸ್ಟೇಷನ್, ಮೀರಾ ರೋಡಿನವರಿಗೆ ಮಾಟುಂಗಾ ರೋಡ್, ಹಾರ್ಬರ್ ಕಡೆಯವರಿಗೆ ಕಿಂಗ್ಸ್ ಸರ್ಕಲ್, ಮೂರೂ ಹತ್ತಿರ. ರವಿವಾರದ ಮೆಗಾಬ್ಲಾಕನ್ನು, ಅಂದರೆ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಹೊತ್ತನ್ನು, ಶನಿವಾರವೇ ನೋಡಿ ಎಲ್ಲರಿಗೂ ತಿಳಿಸಿ. ಬೆಳಿಗ್ಗೆ ಒಂಬತ್ತೂವರೆಗೆ ಶುರುಮಾಡಿದರೆ ಬರುವಾಗಲಾದರೂ ತೊಂದರೆ ತಪ್ಪುತ್ತದೆ.

ಕಲಿಸುವವರೊಬ್ಬರಿಗೆ ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಮೂರು ಗಂಟೆಯ ಕೂಟವಾದರೆ ಮೊದಲ ಅರ್ಧ ಗಂಟೆ ಸೊನ್ನೆ ಮತ್ತು ಗೆರೆ, ಒಂದು ಗಂಟೆ ಗುಣಿತ, ಚಹಾ, ಉಳಿದ ಹೊತ್ತು ಅವರವರ ಪದ. ಚಹಾದ ಲೋಟ ಬರೆಯುವ ಮೇಜಿಗೆ ಬರಬಾರದು. ಸಾಮಾನಿನ ಖರ್ಚಿಗೆ ಚಿಕ್ಕ ಮೊತ್ತ ಮುಂಗಡ ತೆಗೆದುಕೊಳ್ಳಿ. ಪೂರ್ತಿ ಉಚಿತ ಎಂದರೆ ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನ ಬರುವುದಿಲ್ಲ, ತಂದ ಕಾಗದ ದಂಡ. ಪ್ರತಿ ಹಾಳೆಯ ಹಿಂದೆ ಹೆಸರು, ತಾರೀಕು ಬರೆಸಿ ಒಂದು ಫೈಲಿನಲ್ಲಿಡಿ. ಯಾರಿಗಾದರೂ ಬೇಸರ ಬಂದ ದಿನ ಅವರ ಮೊದಲ ಹಾಳೆಯನ್ನು ತೆಗೆದು ಮುಂದಿಡಿ.

9. ರಾಜ್ಯೋತ್ಸವದ ಹೆಸರಿನ ಮೇಜು

ಆರು ತಿಂಗಳು ಬರೆದ ಬಳಗ ನವೆಂಬರ್ 1ರ ಸಮಾರಂಭದಲ್ಲಿ ಒಂದು ಮೇಜು ಹಾಕಿ, ಬಂದವರ ಹೆಸರನ್ನು ಕನ್ನಡದಲ್ಲಿ ಬರೆದುಕೊಡಬಹುದು. ಸಾಲು ಉದ್ದವಾಗುತ್ತದೆ, ಆತುರ ಬೇಡ. ಇಬ್ಬರು ಕೂರಿ: ಒಬ್ಬರು ಹೆಸರು ಕೇಳಿ ಚೀಟಿಯಲ್ಲಿ ಬರೆಯಲಿ, ಇನ್ನೊಬ್ಬರು ಚೀಟಿ ನೋಡಿ ಕಾರ್ಡ್ ಬರೆಯಲಿ. ಕೇಳಿಸಿಕೊಳ್ಳುತ್ತಲೇ ನೇರ ಕಾರ್ಡಿನ ಮೇಲೆ ಬರೆದಾಗಲೇ ‘ಶ್ರದ್ಧಾ’ ಹೋಗಿ ‘ಶ್ರದ್ದಾ’ ಆಗುವುದು, ‘ಐಶ್ವರ್ಯ’ದ ಅರ್ಕಾವತ್ತಿಗೆ ಜಾಗ ಸಾಲದೆ ಹೋಗುವುದು. ‘ಶೆಟ್ಟಿ’ಯಂಥ ಅಡ್ಡಹೆಸರಿನಲ್ಲಿ ಗುಡಿಸು, ಒತ್ತು ಎರಡೂ ಒಂದೇ ಅಕ್ಷರಕ್ಕೆ ಬರುತ್ತವೆ, ಹಿಂದಿನ ದಿನವೇ ನಾಲ್ಕಾರು ಬಾರಿ ಬರೆದು ಕೈ ಪಳಗಿಸಿಕೊಳ್ಳಿ.

ಬರೆದ ಕಾರ್ಡನ್ನು ಕೊಡುವ ಮೊದಲು ಎರಡು ನಿಮಿಷ ಒಣಗಲು ಬಿಡಿ. ಆ ಹೊತ್ತಿನಲ್ಲಿ ಹೆಸರಿನವರ ಕೈಯಲ್ಲೇ ಒಮ್ಮೆ ಗಟ್ಟಿಯ ದನಿಯಲ್ಲಿ ಓದಿಸಿ. ಅವರಿಗೆ ಓದಲು ಬರದಿದ್ದರೆ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನೀವು ಹೇಳಿಕೊಡಿ, ಮಸಿಗೆ ಬೆರಳು ತಾಗದಂತೆ.